ಬೆಟ್ಟದ ನೆಲಕ್ಕೆ ಮರಳಿ ಹುಲ್ಲು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕಾಡು ಬಹುಪಾಲು ಕುರುಚಲು ಕಾಡು. ದೊಡ್ಡಬಳ್ಳಾಪುರದ ಮಾಕಳಿದುರ್ಗದ ಇಳಿಜಾರಿನಲ್ಲಾಗಲಿ, ನೆಲಮಂಗಲದ ಶಿವಗಂಗೆಯ ಬುಡದಲ್ಲಾಗಲಿ ಮರಗಳು ಒಂದಕ್ಕೊಂದು ಮುಟ್ಟದಷ್ಟು ದೂರ ನಿಲ್ಲುತ್ತವೆ. ಕಗ್ಗಲಿ, ದಿಂಡಿಗ, ತುಗ್ಗಲಿ, ಮುತ್ತುಗ, ಕಕ್ಕೆ, ನಡುನಡುವೆ ಬಂದರಿಕೆ ಮತ್ತು ಕಾರೆಯ ಪೊದೆ. ಇವುಗಳ ನೆರಳು ತೆಳು, ಬೇಸಿಗೆಯಲ್ಲಿ ಎಲೆಯೂ ಉದುರುತ್ತದೆ. ಬಿಸಿಲು ನೇರವಾಗಿ ನೆಲ ಮುಟ್ಟುತ್ತದೆ, ಮುಟ್ಟಿದ ಕಡೆಯೆಲ್ಲ ಹುಲ್ಲು ಬೆಳೆಯುತ್ತದೆ. ಮಣ್ಣನ್ನು ಹಿಡಿಯುವುದು, ಮಳೆನೀರನ್ನು ಇಂಗಿಸುವುದು, ಮೊಲಕ್ಕೂ ಗೌಜಲಕ್ಕಿಗೂ ಮರೆಯಾಗುವುದು, ದನಕುರಿಗೆ ಮೇವಾಗುವುದು ಎಲ್ಲವೂ ಈ ಹುಲ್ಲಿನ ಕೆಲಸವೇ. ಹಾಳಾದ ಕಾಡನ್ನು ಮತ್ತೆ ಕಟ್ಟಲು ಹೊರಟವರು ಮಾತ್ರ ಸಾಮಾನ್ಯವಾಗಿ ಗುಂಡಿ ತೋಡಿ ಸಸಿ ನೆಟ್ಟು ಲೆಕ್ಕ ಮುಗಿಸುತ್ತಾರೆ. ನೆಟ್ಟ ಸಸಿಗಳ ಸಂಖ್ಯೆ ಬರೆಯಲು ಕಡತದಲ್ಲಿ ಕಲಂ ಇರುತ್ತದೆ, ಹುಲ್ಲಿಗೆ ಇರುವುದಿಲ್ಲ. ಸಸಿ ಬದುಕಿದರೂ ಅದರ ಕೆಳಗಿನ ನೆಲ ಬೋಳಾಗಿಯೋ ಲಂಟಾನ ತುಂಬಿಯೋ ಉಳಿದರೆ ಅಲ್ಲಿ ಕಾಡು ಮರಳಿದೆ ಎನ್ನಲಾಗದು.

ಮರ ಮತ್ತು ಹುಲ್ಲು ನೆಲ ಹಂಚಿಕೊಂಡಿರುವ ಇಂಥ ನಾಡನ್ನು ವಿಜ್ಞಾನಿಗಳು ಸವನ್ನಾ ಎನ್ನುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೇಖನವೊಂದು ಈ ವಿಚಾರವನ್ನು ನೇರವಾಗಿ ಎತ್ತಿತು: ಏಷ್ಯಾದಲ್ಲಿ ಒಣ ಎಲೆಯುದುರುವ ಕಾಡುಗಳೆಂದು ಹೆಸರು ಪಡೆದವುಗಳಲ್ಲಿ ಅನೇಕವು ನಡವಳಿಕೆಯಲ್ಲಿ ಸವನ್ನಾಗಳು, ಅವುಗಳ ನೆಲಹಾಸಿನ ಹುಲ್ಲು ಬಿಸಿಲು ಬೇಡುವ ಜಾತಿಯದು, ಮರ ಕವಿದರೆ ಅದು ಸಾಯುತ್ತದೆ. ಅದಕ್ಕೂ ಮುಂಚೆ, 2005ರಲ್ಲಿ, ಶಂಕರನ್ ಮುಂದಾಳತ್ವದಲ್ಲಿ ಆಫ್ರಿಕಾದ 854 ತಾಣಗಳ ಮಾಹಿತಿ ಸೇರಿಸಿ ನಡೆದ ಅಧ್ಯಯನ ಇನ್ನೊಂದು ಅಂಶ ತೋರಿಸಿತ್ತು. ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆಯಿರುವಲ್ಲಿ ಮರಗಳನ್ನು ಮಳೆಯೇ ಹತೋಟಿಯಲ್ಲಿಡುತ್ತದೆ. ಅದಕ್ಕಿಂತ ಹೆಚ್ಚು ಮಳೆಯಿರುವಲ್ಲಿ ಬೆಂಕಿಯೋ ಮೇಯುವ ಪ್ರಾಣಿಗಳೋ ಇಲ್ಲದಿದ್ದರೆ ಮರಪೊದೆಗಳು ಕವಿದುಕೊಳ್ಳಬಲ್ಲವು. ಆಫ್ರಿಕಾದ ಅಂಕಿಯನ್ನು ಇಲ್ಲಿಗೆ ಹಾಗೇ ತಂದು ಕೂರಿಸುವುದು ತರವಲ್ಲ. ಆದರೂ ಬೆಂಗಳೂರು ಗ್ರಾಮಾಂತರದ ವಾರ್ಷಿಕ ಮಳೆ ಸುಮಾರು 800 ಮಿ.ಮೀ. ಎಂಬುದನ್ನು ನೆನೆದರೆ, ಇಲ್ಲಿನ ಹುಲ್ಲು ಯಾರೂ ಕೈಯಾಡಿಸದೆ ತಾನೇ ಉಳಿಯುತ್ತದೆಂದು ನಂಬುವಂತಿಲ್ಲ.

ಈ ಭಾಗದ ಹುಲ್ಲುಗಾವಲು ಹೇಗಿತ್ತೆಂದು ತಿಳಿಯಲು ಇನ್ನೂ ಒಂದು ದೊಡ್ಡ ತುಣುಕು ಉಳಿದಿದೆ. ದೊಡ್ಡಬಳ್ಳಾಪುರ ಮತ್ತು ನೆಲಮಂಗಲ ತಾಲ್ಲೂಕುಗಳ ಅಂಚಿಗೆ, ಬೆಂಗಳೂರು ನಗರ ಜಿಲ್ಲೆಯ ಗಡಿಯೊಳಗೆ, ಹೆಸರಘಟ್ಟ ಕೆರೆಯ ಸುತ್ತ ಹರಡಿಕೊಂಡಿರುವ ಬಯಲು ಅದು. 1894ರಲ್ಲಿ ಅರ್ಕಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಕೆರೆ, ಜಾನುವಾರು ತಳಿ ಮತ್ತು ಮೇವಿನ ಸರ್ಕಾರಿ ಕೇಂದ್ರಗಳು ಇದ್ದುದರಿಂದ ಅಲ್ಲಿನ ನೆಲ ನಿವೇಶನವಾಗದೆ ಉಳಿಯಿತು. ಚಳಿಗಾಲದಲ್ಲಿ ದೂರದೇಶಗಳಿಂದ ಬರುವ ಸೆಳೆವ (ಹ್ಯಾರಿಯರ್) ಹಕ್ಕಿಗಳು ಅಲ್ಲಿ ಹುಲ್ಲಿನ ನಡುವೆಯೇ ರಾತ್ರಿ ತಂಗುತ್ತವೆ. ಅದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತು; 2024ರ ಅಕ್ಟೋಬರಿನಲ್ಲಿ ಅದೇ ಮಂಡಳಿ ಸುಮಾರು 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಸುತ್ತಲಿನ ತಾಲ್ಲೂಕುಗಳಲ್ಲಿ ಹುಲ್ಲು ಮರಳಿಸಬೇಕೆಂದರೆ ಮಾದರಿಯೂ ಬೀಜದ ಮೂಲವೂ ಇಷ್ಟು ಹತ್ತಿರದಲ್ಲಿರುವುದು ದೊಡ್ಡ ಭಾಗ್ಯ.

ಉಳಿದ ಕಡೆ ಹುಲ್ಲು ಹೋದದ್ದಕ್ಕೆ ಕಾರಣಗಳು ಹಲವು. ಗೋಮಾಳ ಕರಗಿತು. ನೂರು ದನಕ್ಕೆ 30 ಎಕರೆ ಗೋಮಾಳ ಬಿಡಬೇಕೆಂಬ ನಿಯಮ ಕಾಗದದ ಮೇಲಿದ್ದರೂ ದೇವನಹಳ್ಳಿ, ಹೊಸಕೋಟೆಗಳಲ್ಲಿ ಭೂಮಿಯ ಬೆಲೆ ಏರಿದಂತೆ ಹುಲ್ಲಿನ ನೆಲ ಎಲ್ಲರ ಕಣ್ಣಿಗೂ ಖಾಲಿ ಜಾಗವಾಗಿ ಕಂಡಿತು. ದೇಶದ ಬಂಜರುಭೂಮಿ ನಕಾಶೆಗಳೂ ಕುರುಚಲು ಮತ್ತು ಹುಲ್ಲುನೆಲವನ್ನು ಬಂಜರಿನ ಪಟ್ಟಿಗೇ ಸೇರಿಸಿದವು. ಎರಡನೆಯ ಕಾರಣ ನೀಲಗಿರಿ. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ನಂದಿಬೆಟ್ಟದ ತೋಟಕ್ಕೆ ಬಂದ ಈ ಮರ, 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ಕೋಲಾರ ಮತ್ತು ಬೆಂಗಳೂರು ಸೀಮೆಯ ಹೊಲ, ಗೋಮಾಳಗಳನ್ನೆಲ್ಲ ಹೊಕ್ಕಿತು. ಅರ್ಕಾವತಿ ಏಕೆ ಬತ್ತಿತು ಎಂಬುದನ್ನು ಹುಡುಕಿ 2015ರಲ್ಲಿ ಪ್ರಕಟವಾದ ಅಧ್ಯಯನ ಮಳೆ ಕಡಿಮೆಯಾದದ್ದು ಕಾರಣವಲ್ಲವೆಂದು ತೋರಿಸಿ, ಕೊಳವೆಬಾವಿಗಳ ಜೊತೆಗೆ ನೀಲಗಿರಿ ತೋಪುಗಳತ್ತಲೂ ಬೊಟ್ಟು ಮಾಡಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯ ಬೆಳೆಸುವುದನ್ನು ನಿಷೇಧಿಸಿತು. ಹಳೆಯ ತೋಪುಗಳ ಕೆಳಗೆ ಇಂದಿಗೂ ತರಗೆಲೆ ಮತ್ತು ಕೆಂಪು ಜಲ್ಲಿಮಣ್ಣು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ.

ಮೂರನೆಯದು ಲಂಟಾನ ಕಳೆ. ಅದು ಹೇಗೆ ಹಬ್ಬುತ್ತದೆಂಬುದಕ್ಕೆ ದೂರದ ಕಾಡೊಂದರ ಉದಾಹರಣೆಯಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪ್ರತಿವರ್ಷ ಹಾಕುತ್ತಿದ್ದ ತರಗು ಬೆಂಕಿ ವನ್ಯಜೀವಿ ಕಾನೂನು ಬಂದ ಮೇಲೆ ನಿಂತಿತು. ಆ ಬೆಟ್ಟಗಳಲ್ಲಿ 1997ರಿಂದ 2008ರ ನಡುವೆ ಲಂಟಾನ ಕಾಣಿಸುವ ತಾಣಗಳು ಬಹುತೇಕ ಇಮ್ಮಡಿಯಾದವು. ತಣ್ಣಗಿನ ಬೆಂಕಿ ಎಳೆಯ ಲಂಟಾನವನ್ನು ಸುಟ್ಟು ಹುಲ್ಲನ್ನು ಉಳಿಸುತ್ತಿತ್ತು ಎಂದು ಸೋಲಿಗ ಹಿರಿಯರು ಹೇಳಿಕೊಂಡೇ ಬಂದಿದ್ದಾರೆ. ಆ ಮಾತಿಗೆ ಸಂಶೋಧಕರು ಕಿವಿಗೊಟ್ಟದ್ದು ತಡವಾಗಿ.

ಮೊದಲು ನೆಲ ಬಿಡಿಸುವುದು

ಹುಲ್ಲು ಬೆಳೆಸುವ ಕೆಲಸ ಕಳೆ ತೆಗೆಯುವುದರಿಂದ ಶುರುವಾಗುತ್ತದೆ. ಲಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಒಂದೇ ಮಳೆಗೆ ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಸರಳ: ಗುದ್ದಲಿಯಿಂದ ಮಣ್ಣಿನ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡುವುದು. ಚಿಗುರೊಡೆಯುವ ಕಣ್ಣು ಇರುವುದು ಬೇರು ಮತ್ತು ಕಾಂಡ ಕೂಡುವ ಆ ಭಾಗದಲ್ಲೇ. ಬುಡಸಮೇತ ಅಗೆದಾಗ ಕಲಕುವಷ್ಟು ಮಣ್ಣು ಇದರಲ್ಲಿ ಕಲಕುವುದೂ ಇಲ್ಲ. ಮುಂದಿನ ಎರಡು ಮೂರು ಮಳೆಗಾಲ, ಮುಖ್ಯವಾಗಿ ಹಕ್ಕಿಗಳು ಕೂರುವ ಮರಗಳ ಕೆಳಗೆ, ಹೊಸ ಲಂಟಾನ ಸಸಿಗಳನ್ನು ಕೈಯಲ್ಲಿ ಕೀಳುತ್ತಿರಬೇಕು. ನೀಲಗಿರಿಯ ಕೂಳೆ ಇನ್ನೂ ಹಟಮಾರಿ; ಬೊಡ್ಡೆ ತೆಗೆಸುವುದು ಅಥವಾ ಚಿಗುರನ್ನು ಬಿಡದೆ ಮುರಿದು ಬೇರನ್ನು ಸುಸ್ತಾಗಿಸುವುದು, ಎರಡೇ ದಾರಿ.

ಬಿಸಿಲು ಬಿದ್ದ ಬರಿನೆಲಕ್ಕೆ ಮೊದಲು ನುಗ್ಗುವುದು ಪಾರ್ಥೇನಿಯಂ, ಹಳ್ಳಿಗರ ಮಾತಿನಲ್ಲಿ ಕಾಂಗ್ರೆಸ್ ಗಿಡ. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಭಾರತದಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನಲ್ಲೇ, 1984ರಲ್ಲಿ. ಮಳೆಗಾಲದಲ್ಲಿ ಆ ಹುಳು ಎಲೆಗಳನ್ನು ಜರಡಿ ಮಾಡುವುದನ್ನು ಇಂದಿಗೂ ಕಾಣಬಹುದು, ಆದರೆ ಅದೊಂದನ್ನೇ ನೆಚ್ಚಿ ಕೂರುವಂತಿಲ್ಲ. ಹೂ ಬಿಡುವ ಮುಂಚೆ ಗಿಡ ಕೀಳಬೇಕು. ಗಿಡ ಮುಟ್ಟಿದರೆ ಹಲವರಿಗೆ ತುರಿಕೆ, ಉಬ್ಬಸ ಬರುವುದರಿಂದ ಕೈಗವಸು ಕೊಡದೆ ಕೂಲಿಯವರನ್ನು ಈ ಕೆಲಸಕ್ಕೆ ಇಳಿಸಬಾರದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನೆಲವನ್ನು ಟ್ರ್ಯಾಕ್ಟರಿನಿಂದ ಉಳುವುದು, ಸಾಲುಸಾಲು ಕಂದಕ ತೋಡುವುದು ಹುಲ್ಲಿನ ಪಾಲಿಗೆ ಹಾನಿಯೇ ಹೆಚ್ಚು. ಬೋಳಾಗಿ ಕಾಣುವ ಮೇಲ್ಮಣ್ಣಿನಲ್ಲೂ ಹಳೆಯ ಹುಲ್ಲಿನ ಬುಡಗಳು, ಗಡ್ಡೆಗಳು, ಮುತ್ತುಗ ಮತ್ತು ದಿಂಡಿಗದ ಬೇರುಗಳು ಜೀವ ಹಿಡಿದುಕೊಂಡಿರುತ್ತವೆ. ಒಂದು ಮಳೆಗಾಲ ದನಕುರಿ ಬಿಡದೆ ಕಾದರೆ ತಾನಾಗಿಯೇ ಏನೆಲ್ಲ ಏಳುತ್ತದೆ ಎಂಬುದು ಗೊತ್ತಾಗುತ್ತದೆ. ಬಿತ್ತಬೇಕಾದದ್ದು ಏನೂ ಏಳದ ಜಾಗಕ್ಕೆ ಮಾತ್ರ.

ಯಾವ ಹುಲ್ಲು

ಭಾರತದ ಹುಲ್ಲುಹೊದಿಕೆಯನ್ನು ಸಮೀಕ್ಷಿಸಿ 1973ರಲ್ಲಿ ದಬಡಘಾವ್ ಮತ್ತು ಶಂಕರನಾರಾಯಣ್ ಅದನ್ನು ಐದು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ದಕ್ಷಿಣ ಪ್ರಸ್ಥಭೂಮಿಗೆ ಸೇರಿದ್ದು ಸೆಹಿಮ ಮತ್ತು ಡೈಕಾಂತಿಯಂ ಹುಲ್ಲುಗಳ ಬಗೆ. ಚೆನ್ನಾಗಿರುವ ನೆಲದಲ್ಲಿ ಈ ಎರಡರ ಜೊತೆ ಕ್ರೈಸೋಪೋಗನ್, ಥೆಮೆಡ, ಬೋತ್ರಿಯೋಕ್ಲೋವಗಳಿರುತ್ತವೆ. ಸವೆದ ಜಲ್ಲಿನೆಲದಲ್ಲಿ ಮುಂದೆ ನಿಲ್ಲುವುದು ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು, ಹೆಟೆರೋಪೋಗನ್ ಕಂಟಾರ್ಟಸ್. ಬಂಡೆಗಳ ಸಂದಿಯಲ್ಲಿ ಮಜ್ಜಿಗೆಹುಲ್ಲಿನ ಕಾಡುಬಂಧುಗಳು ಘಮಘಮಿಸುತ್ತವೆ. ದನ ಅವನ್ನು ಎಳೆಯವಾಗಿದ್ದಾಗಷ್ಟೇ ತಿನ್ನುತ್ತದೆ, ಹಾಗಾಗಿ ಉಳಿದುಕೊಂಡಿವೆ. ಪೊರಕೆಗೆ ಕೊಯ್ಯುವ ಹಂಚಿಕಡ್ಡಿ ಹುಲ್ಲು ಅರಿಸ್ಟಿಡ ಬಳಗದ್ದು. ಮರದ ನೆರಳಲ್ಲಿ ಇವು ಯಾವುವೂ ಸುಖವಾಗಿರುವುದಿಲ್ಲ, ಅಲ್ಲಿಗೆ ಅಗಲ ಎಲೆಯ ಬೇರೆ ಹುಲ್ಲುಗಳಿವೆ. ಹುಲ್ಲಿನ ನಡುವೆ ವಿಷ್ಣುಕ್ರಾಂತಿ, ಕಾಡುನೀಲಿ, ಕೊಗ್ಗಿಯಂಥ ಚಿಕ್ಕ ಗಿಡಗಳೂ ಇರಬೇಕು. ಕಾಡುನೀಲಿ, ಕೊಗ್ಗಿ ದ್ವಿದಳ ಜಾತಿಯವಾದ್ದರಿಂದ ಬಡ ಮಣ್ಣಿಗೆ ಸಾರಜನಕ ಕೂಡಿಸುತ್ತವೆ.

ಹಸಿರು ಕಂಡರೆ ಸಾಕೆಂದು ಗಿನಿ ಹುಲ್ಲು, ಸ್ಟೈಲೋ ಬೀಜ ಎರಚುವ ರೂಢಿಯಿದೆ. ಹೊಲದ ಬದುವಿಗೆ, ಹಾಲಿನ ಹಸುವಿಗೆ ಅವು ಸರಿ. ಕಾಡಿನ ನೆಲಕ್ಕೆ ಸಲ್ಲವು. ಗಿನಿ ಹುಲ್ಲು ಆಳೆತ್ತರ ಬೆಳೆದು ಉಳಿದವನ್ನು ಮುಚ್ಚುತ್ತದೆ, ಒಣಗಿದಾಗ ಬೆಂಕಿಗೆ ಭಾರೀ ಸೌದೆಯಾಗುತ್ತದೆ. ರಸ್ತೆ ಬದಿಯಲ್ಲಿ ನಸುಗೆಂಪು ತೆನೆ ತೂಗುತ್ತ ಫೋಟೊಗಳಲ್ಲಿ ಚೆಂದ ಕಾಣುವ ಹುಲ್ಲು ಕೂಡ ಆಫ್ರಿಕಾ ಮೂಲದ್ದು. ಬೀಜ ಸಂಗ್ರಹದ ಚೀಲದೊಳಗೆ ಅದು ಸುಲಭವಾಗಿ ಸೇರಿಬಿಡುತ್ತದೆ.

ಬೀಜ ಮತ್ತು ಒಟ್ಲು

ಸ್ಥಳೀಯ ಕಾಡುಹುಲ್ಲಿನ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಝಾನ್ಸಿಯಲ್ಲಿ 1962ರಲ್ಲಿ ಶುರುವಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಗೆ ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿದೆ, ಆದರೆ ಅಲ್ಲಿನ ಗಮನ ಸಹಜವಾಗಿ ಮೇವಿನ ತಳಿಗಳ ಕಡೆಗೆ. ಮಾಕಳಿಯ ಜಲ್ಲಿನೆಲಕ್ಕೆ ಒಗ್ಗಿದ ಬೀಜವನ್ನು ಅದೇ ಸೀಮೆಯಲ್ಲಿ ಆಯಬೇಕು. ಕೆರೆಯ ಏರಿ, ಹೊಲದ ಬದು, ದೇವಸ್ಥಾನದ ಗುಡ್ಡ, ಹಳೆಯ ಸ್ಮಶಾನದ ಅಂಚು ಇವೆಲ್ಲ ಉಳಿದ ಹುಲ್ಲಿನ ತಾಣಗಳು. ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಾಗಿದ ಬೀಜದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಒಯ್ಯಬಾರದೆಂಬುದು ಬೀಜ ಸಂಗ್ರಹಕಾರರ ಸಾಮಾನ್ಯ ಕಟ್ಟಳೆ.

ಇಲ್ಲಿನ ಬಹುವಾರ್ಷಿಕ ಹುಲ್ಲುಗಳು ಉತ್ತರೆ, ಹಸ್ತದ ಮಳೆಗೆ ತೆನೆ ಹಾಯುತ್ತವೆ. ಬೀಜ ಮಾಗುವುದು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಹುಲ್ಲಿನ ತೆನೆ ರಾಗಿಯಂತೆ ಒಟ್ಟಿಗೆ ಮಾಗಿ ಕಾಯುತ್ತ ನಿಲ್ಲುವುದಿಲ್ಲ, ತುದಿಯ ಬೀಜ ಉದುರುವಾಗ ಬುಡದ್ದು ಇನ್ನೂ ಹಸಿ. ಹಾಗಾಗಿ ಒಂದೇ ಜಾಗಕ್ಕೆ ವಾರ ಬಿಟ್ಟು ವಾರ ಹೋಗಿ, ಬೆರಳಲ್ಲಿ ಸವರಿದರೆ ಸಲೀಸಾಗಿ ಕಳಚಿಕೊಳ್ಳುವಷ್ಟನ್ನೇ ತೆಗೆಯಬೇಕು. ಊಬಿನ ಹುಲ್ಲಿನ ವಿಷಯದಲ್ಲಿ ಕೆಲಸ ಹಗುರ: ಮಾಗಿದಾಗ ಅದರ ಕಪ್ಪು ಊಬುಗಳು ಒಂದಕ್ಕೊಂದು ಹೊಸೆದುಕೊಂಡು ಗಂಟಾಗುತ್ತವೆ, ಗಂಟನ್ನೇ ಹಿಡಿದು ಎಳೆದರೆ ಬೀಜವೆಲ್ಲ ಬರುತ್ತದೆ. ಆ ಊಬು ತೇವವಾದಾಗ ಬಿಚ್ಚಿಕೊಂಡು ಒಣಗಿದಾಗ ಸುರುಳಿ ಸುತ್ತುತ್ತ, ಚೂಪುತುದಿಯ ಬೀಜವನ್ನು ತಾನೇ ಮಣ್ಣಿಗೆ ಕೊರೆಯುತ್ತದೆ. ಬಿತ್ತನೆಯ ಸಾಧನವನ್ನು ಬೀಜವೇ ಹೊತ್ತು ತಂದಿರುವ ಇಂಥ ಏರ್ಪಾಡು ಸಸ್ಯಲೋಕದ ಸೊಗಸುಗಳಲ್ಲೊಂದು. ಕುರಿಯ ಉಣ್ಣೆಯೊಳಗೆ ಸೇರಿ ಚರ್ಮಕ್ಕೆ ಚುಚ್ಚುವುದೂ ಇದೇ ಊಬು.

ಆಯ್ದದ್ದನ್ನು ನೆರಳಲ್ಲಿ ಒಣಗಿಸಿ, ಮೊರದಲ್ಲಿ ಕೇರಿ, ಬಟ್ಟೆ ಅಥವಾ ಗೋಣಿಚೀಲದಲ್ಲಿ ತೇವ ತಾಗದಂತೆ ಇಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಕೈತುಂಬ ಹೊಟ್ಟಿದ್ದರೂ ಒಳಗೆ ಕಾಳಿಲ್ಲದಿರುವುದು ಹುಲ್ಲಿನಲ್ಲಿ ಮಾಮೂಲು. ಉಗುರಿನಿಂದ ಒತ್ತಿ, ನೂರರಲ್ಲಿ ಎಷ್ಟು ಗಟ್ಟಿಕಾಳು ಎಂದು ನೋಡಿದ ಮೇಲೆಯೇ ಎಷ್ಟು ಬಿತ್ತಬೇಕೆಂಬ ಲೆಕ್ಕ. ಜೊತೆಗೆ ಊಬಿನ ಹುಲ್ಲಿನಂಥವುಗಳ ಬೀಜ ಉದುರಿದ ಕೂಡಲೇ ಮೊಳೆಯದು, ಆರು ತಿಂಗಳಿಂದ ವರ್ಷದವರೆಗೆ ನಿದ್ದೆಯಲ್ಲಿರುತ್ತದೆ. ಬೇಸಿಗೆಯ ಸೆಕೆಯೇ ಆ ನಿದ್ದೆಯನ್ನು ಕಳೆಯುತ್ತದೆ. ನವೆಂಬರಿನ ಬೀಜವನ್ನು ಡಿಸೆಂಬರಿನಲ್ಲಿ ಪರೀಕ್ಷಿಸಿ ಮೊಳೆಯಲಿಲ್ಲವೆಂದು ಎಸೆದರೆ ಒಳ್ಳೆಯ ಬೀಜವನ್ನೇ ಎಸೆದಂತೆ.

ಬಿತ್ತನೆಯ ಹೊತ್ತಿನ ಬಗ್ಗೆ ಈ ಜಿಲ್ಲೆಯ ಮಳೆಯ ನಡೆ ಗೊತ್ತಿರಬೇಕು. ಮಲೆನಾಡಿನಂತೆ ಇಲ್ಲಿ ಜೂನ್ ತಿಂಗಳು ಮಳೆ ಸುರಿಯುವುದಿಲ್ಲ. ಮೇ ತಿಂಗಳಲ್ಲಿ ಭರಣಿ, ಕೃತ್ತಿಕೆಗಳು ನೆಲ ನೆನೆಸಿ ಹೋಗುತ್ತವೆ, ಜೂನ್ ಜುಲೈನಲ್ಲಿ ಮೋಡ ಮತ್ತು ಗಾಳಿಯೇ ಹೆಚ್ಚು, ಒಳ್ಳೆಯ ಮಳೆ ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ. ಮೇ ಮಳೆಗೆ ಮೊಳೆತ ಎಳೆ ಹುಲ್ಲು ಜೂನಿನ ಒಣಗಾಳಿಗೆ ಸೀದುಹೋಗುತ್ತದೆ. ರಾಗಿ ಬೆಳೆಯುವವರಿಗೆ ಇದು ಹೊಸ ಮಾತಲ್ಲ, ಅವರು ಜುಲೈ ಆಗಸ್ಟಿನಲ್ಲಿ ಬಿತ್ತುವುದು ಅದಕ್ಕಾಗಿಯೇ. ಸಸಿ ನೆಡುವ ಸಮಾರಂಭಗಳು ಮಾತ್ರ ಜೂನ್ 5ರ ಪರಿಸರ ದಿನಕ್ಕೆ ಅಂಟಿಕೊಂಡಿವೆ. ಇಲ್ಲಿನ ಹುಲ್ಲಿಗೆ ಆ ದಿನ ಹೊಂದುವುದಿಲ್ಲ.

ಆದ್ದರಿಂದ ಗಟ್ಟಿಯಾದ ದಾರಿಯೆಂದರೆ ಒಟ್ಲು. ಏರುಮಡಿಯಲ್ಲೋ ಪ್ರೋಟ್ರೇಗಳಲ್ಲೋ ಮೇ ತಿಂಗಳಲ್ಲಿ ಬೀಜ ಹಾಕಿ, ತೆಳ್ಳಗೆ ಮಣ್ಣು ಮುಚ್ಚಿ, ದಿನವೂ ನೀರು ಚಿಮುಕಿಸುತ್ತಾರೆ. ಹುಲ್ಲಿನ ಬೀಜವನ್ನು ಒಂದು ಸೆಂ.ಮೀ.ಗಿಂತ ಆಳಕ್ಕೆ ಹೂತರೆ ಮೇಲೇಳುವುದಿಲ್ಲ. ಎರಡೂವರೆ ಮೂರು ತಿಂಗಳಲ್ಲಿ ಸಸಿ ತೆಂಡೆ ಒಡೆದು ನಾಟಿಗೆ ಬರುತ್ತದೆ, ಅಷ್ಟರಲ್ಲಿ ಮಖೆ ಮಳೆ ಬಂದಿರುತ್ತದೆ. ರಾಗಿಯೂ ಹುಲ್ಲಿನ ಕುಲದ್ದೇ ಆದ್ದರಿಂದ ಒಟ್ಲು ಹಾಕುವುದು, ಪೈರು ಕೀಳುವುದು, ಬುಡ ಒತ್ತಿ ನಾಟಿ ಮಾಡುವುದು ಈ ಸೀಮೆಯ ರೈತ ಹೆಂಗಸರ ಕೈಗೆ ಹತ್ತಿದ ಕೆಲಸ. ಕಾಡಿನ ಹುಲ್ಲು ಬೆಳೆಸಲು ಬೇಕಾದ ಕುಶಲತೆಯನ್ನು ಹೊರಗಿನಿಂದ ತರಬೇಕಾದ್ದಿಲ್ಲ.

ಮಜ್ಜಿಗೆಹುಲ್ಲಿನ ಬಳಗ, ಡೈಕಾಂತಿಯಂ, ಬೋತ್ರಿಯೋಕ್ಲೋವಗಳನ್ನು ಬೀಜಕ್ಕಿಂತ ಬೇರುತುಂಡಿನಿಂದ ಬೆಳೆಸುವುದು ಲೇಸು. ಹಳೆಯ ಬುಡವನ್ನು ಅಗೆದು, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಎರಡು ಮೂರು ತೆಂಡೆಗಳಿಗೆ ಒಂದಿಷ್ಟು ಬೇರು ಉಳಿಯುವಂತೆ ಸೀಳಬೇಕು. ಒಂದೂವರೆ ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 19,360 ತುಂಡು ಬೇಕಾಗುತ್ತದೆ. ಒಂದು ಬುಡಕ್ಕೆ 20 ತುಂಡಿನಂತೆ ಲೆಕ್ಕ ಹಾಕಿದರೂ ಸುಮಾರು 970 ಬುಡ. ಅಷ್ಟನ್ನು ಬೆಟ್ಟದಿಂದಲೇ ಅಗೆದರೆ ಒಂದು ಕಡೆ ಕಟ್ಟಲು ಇನ್ನೊಂದು ಕಡೆ ಕೆಡವಿದಂತಾಗುತ್ತದೆ. ಅದಕ್ಕೇ ಮೊದಲ ವರ್ಷ ಕೆಲವೇ ಬುಡ ತಂದು ತಾಯಿಮಡಿ ಮಾಡಿ, ಅಲ್ಲಿ ಹೆಚ್ಚಿಸಿ, ಎರಡನೆಯ ವರ್ಷ ನಾಟಿಗೆ ಇಳಿಯಬೇಕು. ಇಡೀ ಎಕರೆಯನ್ನು ಒಮ್ಮೆಗೇ ತುಂಬುವ ಅಗತ್ಯವೂ ಇಲ್ಲ. ಅಲ್ಲಲ್ಲಿ ದಟ್ಟವಾಗಿ ಗುಂಪು ನೆಟ್ಟರೆ ಎರಡನೆಯ ಮಳೆಗಾಲಕ್ಕೆ ಅವು ಬೀಜ ಉದುರಿಸಿ ತಾವೇ ಹರಡುತ್ತವೆ. ಪಳನಿ ಬೆಟ್ಟಗಳಲ್ಲೂ ನೀಲಗಿರಿ ಬೆಟ್ಟಗಳಲ್ಲೂ ಶೋಲಾ ಹುಲ್ಲುಗಾವಲು ಮರಳಿಸಲು ದುಡಿದ ಆಸಕ್ತರು ನರ್ಸರಿಯಲ್ಲಿ ಹುಲ್ಲು ಬೆಳೆಸಿಯೇ ನೆಟ್ಟಿದ್ದಾರೆ. ಅಲ್ಲಿನ ಜಾತಿಗಳು ಬೇರೆ, ಚಳಿ ಮಳೆ ಬೇರೆ, ಕ್ರಮ ಇದೇ.

ನೇರ ಬಿತ್ತನೆಗೂ ಜಾಗವಿದೆ. ಬೀಜವನ್ನು ಜೇಡಿಮಣ್ಣು, ಸಗಣಿ, ಮರಳಿನೊಂದಿಗೆ ಕಲಸಿ ಸಣ್ಣ ಉಂಡೆ ಮಾಡಿದರೆ ಇರುವೆಗಳು ಹೊತ್ತೊಯ್ಯುವುದು ಕಡಿಮೆಯಾಗುತ್ತದೆ, ಗಾಳಿಗೂ ಹಾರುವುದಿಲ್ಲ. ಇನ್ನೂ ಸುಲಭದ್ದೆಂದರೆ ಬೀಜ ಮಾಗಿದ ಹುಲ್ಲನ್ನೇ ಕೊಯ್ದು ಬರಿನೆಲದ ಮೇಲೆ ತೆಳ್ಳಗೆ ಹಾಸುವುದು: ಬೀಜವೂ ಬೀಳುತ್ತದೆ, ಹಾಸು ಮಣ್ಣಿನ ತೇವವನ್ನೂ ಕಾಯುತ್ತದೆ.

ನೆಟ್ಟ ಮೇಲೆ

ಮೊದಲ ಎರಡು ಮಳೆಗಾಲ ದನಕುರಿಯನ್ನು ಮೇಯಲು ಬಿಡುವಂತಿಲ್ಲ. ಬೇರು ಆಳಕ್ಕಿಳಿಯದ ಬುಡವನ್ನು ಮೇಕೆ ಕಿತ್ತೇ ಎಳೆಯುತ್ತದೆ. ಆದರೆ ಊರಿನವರನ್ನು ಕೇಳದೆ ಬೇಲಿ ಹಾಕಿದ ಕಡೆ ಬೇಲಿ ಉಳಿಯುವುದಿಲ್ಲ, ಉಳಿಯಬೇಕೆಂದು ಬಯಸುವುದೂ ನ್ಯಾಯವಲ್ಲ. ಕುರಿಮಂದೆಯವರಿಗೆ ಬದಲಿ ಜಾಗ ಗೊತ್ತುಮಾಡಿ, ತುಂಡು ತುಂಡಾಗಿ ಸರದಿಯಲ್ಲಿ ನೆಲ ಮುಚ್ಚುವುದೇ ನಡೆಯುವ ಮಾತು. ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆ 1993ರಿಂದಲೂ ಇದ್ದು, ಗ್ರಾಮ ಅರಣ್ಯ ಸಮಿತಿಗಳ ಮೂಲಕ ಇಂಥ ಒಪ್ಪಂದಕ್ಕೆ ಅವಕಾಶವಿದೆ.

ಬೆಂಕಿಯಿಂದಲೂ ಎಳೆಯ ನೆಟ್ಟಿಯನ್ನು ಕಾಯಬೇಕು. ಜನವರಿಯೊಳಗೆ ಸುತ್ತ ಬೆಂಕಿರೇಖೆ ತೆಗೆಯುವುದು ಅರಣ್ಯ ಇಲಾಖೆಯ ರೂಢಿಯ ಕೆಲಸ. ಬುಡ ಬಲಿತ ಮೇಲೆ ಸಮಸ್ಯೆ ತಿರುಗುಮುರುಗಾಗುತ್ತದೆ: ಮೇಯದ, ಕೊಯ್ಯದ, ಸುಡದ ಹುಲ್ಲು ತನ್ನ ಒಣಗರಿಯ ಕೆಳಗೇ ಉಸಿರುಕಟ್ಟುತ್ತದೆ, ಹೊಸ ತೆಂಡೆಗೆ ಬೆಳಕು ಸಿಗುವುದಿಲ್ಲ. ಕಾಡಿಗೆ ಬೆಂಕಿ ಹಾಕುವುದು ಕಾನೂನಿನಂತೆ ಅಪರಾಧವಾದ್ದರಿಂದ ಕುಡುಗೋಲೇ ಅದರ ಬದಲಿ. ಬೀಜ ಉದುರಿದ ನಂತರ, ಡಿಸೆಂಬರ್ ಜನವರಿಯಲ್ಲಿ, ನೆಲದಿಂದ ಅರ್ಧ ಅಡಿ ಬಿಟ್ಟು ಕೊಯ್ದು, ಬಣವೆಗೆ ಒಯ್ಯಬಹುದು. ಕೊಯ್ಲನ್ನೂ ಇಡೀ ಜಾಗಕ್ಕೆ ಒಂದೇ ಸಲ ಮಾಡದೆ ಅರ್ಧ ಈ ವರ್ಷ, ಅರ್ಧ ಮುಂದಿನ ವರ್ಷ ಎಂದಿಟ್ಟುಕೊಂಡರೆ ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳಿಗೆ ಮರೆ ಉಳಿಯುತ್ತದೆ.

ಮರದ ಸರದಿ ಇದಾದ ಮೇಲೆ. ಬೇರುಳಿದ ದಿಂಡಿಗ, ಮುತ್ತುಗ, ತುಗ್ಗಲಿಗಳು ಕಾವಲು ಸಿಕ್ಕರೆ ತಾವೇ ಚಿಗುರುತ್ತವೆ. ನೆಡಬೇಕಾದವು ಅಲ್ಲಿ ಪೂರಾ ಇಲ್ಲವಾದ ಜಾತಿಗಳು ಮಾತ್ರ. ದಟ್ಟ ಹುಲ್ಲು ಎಳೆಯ ಮರಸಸಿಯ ನೀರನ್ನು ಕಸಿಯುವುದು ನಿಜ, ಅದಕ್ಕೆ ಸಸಿಯ ಸುತ್ತ ಮೂರಡಿ ಹುಲ್ಲು ಸವರಿದರೆ ಸಾಕು. ಮರಗಳನ್ನು ಒತ್ತೊತ್ತಾಗಿ ತುಂಬಿ ದಿಢೀರ್ ಕಾಡು ಎಬ್ಬಿಸುವ ಪದ್ಧತಿ ನಗರದ ಉದ್ಯಾನದ ಮೂಲೆಗೆ ಹೊಂದಬಹುದು. ಮಾಕಳಿ, ಶಿವಗಂಗೆಗಳ ತೆಳು ಮಣ್ಣಿಗೆ ಅದು ತಪ್ಪು ಮಾದರಿ.

ಕೆಲಸ ಫಲಿಸಿತೇ ಎಂದು ತಿಳಿಯಲು ನೆಟ್ಟ ಸಂಖ್ಯೆ ನೆರವಾಗದು. ಮೀಟರ್ ಉದ್ದಗಲದ ಒಂದು ಚೌಕಟ್ಟನ್ನು ಗುರುತು ಮಾಡಿದ ಜಾಗಗಳಲ್ಲಿ ಪ್ರತಿ ಅಕ್ಟೋಬರಿನಲ್ಲಿ ಇಟ್ಟು, ಅದರೊಳಗೆ ಬರಿನೆಲ ಎಷ್ಟು, ಯಾವ ಯಾವ ಹುಲ್ಲು, ಕಳೆ ಎಷ್ಟು ಎಂದು ಬರೆದಿಡಬೇಕು. ಒಂದೇ ಕಲ್ಲಿನ ಮೇಲೆ ನಿಂತು ಒಂದೇ ದಿಕ್ಕಿಗೆ ತೆಗೆದ ಚಿತ್ರಗಳನ್ನು ಜೋಡಿಸಿಡಬೇಕು. ಮೊದಲ ಮಳೆಗಾಲದಲ್ಲಿ ಕಾಣುವುದು ಹೆಚ್ಚಾಗಿ ವಾರ್ಷಿಕ ಹುಲ್ಲು ಮತ್ತು ಕಳೆ. ಬಹುವಾರ್ಷಿಕ ಬುಡಗಳು ಎರಡನೆಯ ವರ್ಷ ತೆನೆ ಹಾಯುತ್ತವೆ. ಅವುಗಳ ನಡುವೆ ಯಾರೂ ನೆಡದ ಸಸಿಗಳು ಎದ್ದರೆ ಹುಲ್ಲು ನೆಲೆಗೊಂಡಿತೆಂದು ತಿಳಿಯಬಹುದು. ಆ ಹಂತ ಬಂದ ತುಂಡಿಗೆ ಮೂರನೆಯ ವರ್ಷದಿಂದ, ಬೀಜ ಉದುರಿದ ನಂತರದ ತಿಂಗಳುಗಳಲ್ಲಿ, ಮಿತವಾಗಿ ಊರ ದನಗಳನ್ನು ಮತ್ತೆ ಬಿಡಬಹುದು. ತಾಯಿಮಡಿ ಮತ್ತು ಬೇಲಿ ಆಗ ಪಕ್ಕದ ತುಂಡಿಗೆ ಸರಿಯುತ್ತವೆ.